ಉಳಿದ ಒಂಬತ್ತು ಅಡಿ

ಚಿತ್ತವಾಡಗಿ, ಹೊಸಪೇಟೆ
೧೪ ಡಿಸೆಂಬರ್ ೨೦೨೪, ಶನಿವಾರ

ಚಿರಂಜೀವಿ ರೇವಣಸಿದ್ದನಿಗೆ, ನಿನ್ನ ಸೋದರಮಾವ, ಈಗ ಹೆಣ್ಣು ಕೊಟ್ಟ ಮಾವನೂ ಆದ ಶಂಭುಲಿಂಗ ಮನಸಾರೆ ಹರಸಿ ಬರೆಯುವುದು.

ನಿನ್ನ ಕಾಗದ ಕೈ ಸೇರಿ ಇವತ್ತಿಗೆ ಇಪ್ಪತ್ತೊಂದು ದಿನ. ಉತ್ತರ ತಡವಾಯಿತು, ಬೇಜಾರಾಗಬೇಡ. ಸಂಡೂರಿನ ಆ ರೂಮಿನಲ್ಲಿ ಕುಳಿತು, ಮಾವ ಸಿಟ್ಟಾಗಿದ್ದಾನೆ, ಹಿರಿಯರನ್ನು ಕೂಡಿಸುತ್ತಿದ್ದಾನೆ ಅಂತ ನೀನು ಅಂದುಕೊಂಡಿರಬಹುದು. ಸಿಟ್ಟಿಲ್ಲ. ಯಾರನ್ನೂ ಕೂಡಿಸಿಲ್ಲ. ಕಾಗದವನ್ನು ನಾನೊಬ್ಬನೇ ಓದಿ ಬಣ್ಣದ ಡಬ್ಬಿಗಳ ಹಿಂದೆ ಮುಚ್ಚಿಟ್ಟಿದ್ದೇನೆ. ಫೋನ್ ಮಾಡೋಣವೆಂದು ನಾಲ್ಕು ಸಲ ನಿನ್ನ ನಂಬರ್ ಒತ್ತಿದೆ, ರಿಂಗ್ ಆಗುವ ಮೊದಲೇ ಕಟ್ ಮಾಡಿದೆ. ಇಂಥ ಮಾತು ಬಾಯಿಬಿಟ್ಟು ಆಡಲು ನನಗೆ ಬರುವುದಿಲ್ಲ. ನಿನಗೂ ಬಂದಿಲ್ಲ, ಅದಕ್ಕೇ ನೀನು ಎರಡು ಹಾಳೆ ಬರೆದು ಪೋಸ್ಟಿಗೆ ಹಾಕಿದೆ. ಅದರಲ್ಲಿ ನೀನು ಥೇಟ್ ನನ್ನ ಹಾಗೆ.

ಅಳಿಯನಾದ ಮೇಲೆ ನಿನ್ನನ್ನು ಬಹುವಚನದಲ್ಲಿ ಮಾತಾಡಿಸಬೇಕೆಂದು ನಿನ್ನವ್ವ, ನಮ್ಮ ಉಚ್ಚೆಂಗಕ್ಕ, ಮದುವೆಯ ದಿನವೇ ನನಗೆ ತಾಕೀತು ಮಾಡಿದ್ದಳು. ಹೊಸ ಅಂಗಿ ಹಾಕಿಕೊಂಡ ದಿನವೇ ನೋಡಿ ನನ್ನ ಹೆಗಲ ಮೇಲೆ ಉಚ್ಚೆ ಹೊಯ್ದವನು ನೀನು. ಈ ಕಾಗದ ಮುಗಿಯುವ ತನಕ ‘ನೀನು’ ಅಂತಲೇ ಇರಲಿ, ಆಮೇಲೆ ನೋಡೋಣ.

ಇಲ್ಲಿಯ ಸುದ್ದಿ ಹೇಳುತ್ತೇನೆ. ಮಗಳು ಶೈಲಜಾ ಆರಾಮಾಗಿದ್ದಾಳೆ, ಊಟ ಮಾತ್ರ ಕಡಿಮೆ. ತವರಿಗೆ ಬಂದ ವಾರವೇ ಅವಳವ್ವನ ಟ್ರಂಕು ತೆಗೆದು ಸೀರೆಗಳನ್ನು ಬಿಸಿಲಿಗೆ ಹಾಕಿದಳು. ನಿನ್ನ ಅತ್ತೆ ನೀಲಗಂಗಮ್ಮ ಹೋಗಿ ಮೂರು ವರ್ಷವಾದರೂ ಆ ಟ್ರಂಕನ್ನು ನಾನು ಮುಟ್ಟಿರಲಿಲ್ಲ. ಒಂದೊಂದು ಸೀರೆಯ ಮಡಿಕೆಯಲ್ಲೂ ಸೋಪಿನ ಕಾಗದಗಳು. ಗಂಧ, ಗುಲಾಬಿ, ಮಲ್ಲಿಗೆ, ನಿಂಬೆ, ಬೇವು, ಅರಿಶಿನ. ಅವಳ ಸೋಪಿನ ಹುಚ್ಚು ನಿನಗೂ ಗೊತ್ತಲ್ಲ, ತಿಂಗಳಿಗೊಂದು ಹೊಸದು ಬೇಕು. “ಸೋಪಿನ ಕಂಪನಿಯವರು ನಿನಗೊಂದು ಶಾಲು ಹೊದಿಸಬೇಕು ನೋಡು” ಎಂದು ನಾನು ಕಾಡುತ್ತಿದ್ದೆ, ಅವಳು ನಕ್ಕು ಸುಮ್ಮನಾಗುತ್ತಿದ್ದಳು. ಅವತ್ತು ಮಧ್ಯಾಹ್ನ ಮನೆಯೆಲ್ಲ ಆ ವಾಸನೆ ಹರಡಿತು. ಬಚ್ಚಲ ಬಾಗಿಲು ಸರಿದು, ಹಸಿ ಕೂದಲು ಹಿಂಡುತ್ತಾ ಅವಳು ಈಗ ಹೊರಗೆ ಬರುತ್ತಾಳೆ ಅನ್ನಿಸಿ, ನಾನು ಸ್ವಲ್ಪ ಹೊತ್ತು ಆ ಕಡೆಗೇ ನೋಡುತ್ತಿದ್ದೆ.

ಅವತ್ತೇ ರೊಟ್ಟಿ ಬಡಿಸುತ್ತಾ ಶೈಲಜಾ ಕೇಳಿದಳು, “ಅಪ್ಪಾ, ನಾನು ನಿದ್ದ್ಯಾಗ ಗೊರಕಿ ಹೊಡಿತೀನೇನು?”

“ಇಲ್ಲಬೇ. ಯಾಕ?”

“ಸುಮ್ನ ಕೇಳಿದೆ.”

ಎರಡು ದಿನ ಬಿಟ್ಟು, ತನ್ನ ಕೈ ಅಡಿಗೆ ಖಾರವಾಗುತ್ತದೇನು ಎಂದು ಕೇಳಿದಳು. ಮತ್ತೊಂದು ದಿನ, ತಾನು ಭಾಳ ಮಾತಾಡುತ್ತೇನೇನು ಎಂದಳು. ಈ ಹುಡುಗಿಗೆ ಏನಾಗಿದೆ ಎಂದು ನನಗೆ ತಿಳಿಯಲಿಲ್ಲ. ತಿಳಿಸಿದವಳು ಪಕ್ಕದ ಮನೆಯ ವಿರುಪಮ್ಮ. ಕಟ್ಟೆಯ ಮೇಲೆ ಕುಳಿತು ಅಕ್ಕಿ ಹಸನು ಮಾಡುತ್ತಿದ್ದವಳು, ನಾನು ಎದುರಿಗೆ ಬಂದದ್ದು ನೋಡಿ ಬೆನ್ನು ತಿರುಗಿಸಿ ಕುಳಿತಳು. ಕೈಯಲ್ಲಿದ್ದ ಮೊರಕ್ಕೆ ಹೇಳುವ ಹಾಗೆ ಹೇಳಿದಳು.

“ನಿನ್ನ ಅಳಿಯ ಮಾಳಿಗಿ ಮ್ಯಾಲ ಮಲಗತಿದ್ನಂತ, ಅಣ್ಣಾ. ಹತ್ತು ತಿಂಗಳಾತು ಮದುವಿಯಾಗಿ, ಮೊದಲಿನ ಹದಿನೈದು ದಿನ ಬಿಟ್ರ ಮತ್ತ ಮಗ್ಗುಲಾಗ ಬಂದಿಲ್ಲಂತ. ಹುಡುಗಿ ತನ್ನಾಗ ಏನ್ ಕೊರತಿ ಐತಿ ಅಂತ ಹುಡುಕಾಕತ್ತಾಳ. ಗೊರಕಿ ಅಂತಾಳ, ಬಣ್ಣ ಕಪ್ಪು ಅಂತಾಳ, ಅಂಗೈ ಒರಟು ಅಂತಾಳ. ಗಂಡಸು ನೀನು, ನಿನಗ ಹೆಂಗ ಹೇಳ್ಬೇಕು? ಅದಕ್ಕ ಈ ಮೊರಕ್ಕ ಹೇಳೀನಿ.”

ಅದಾದ ಮೂರು ದಿನಕ್ಕೆ ನಿನ್ನ ಕಾಗದ ಬಂತು. ವಿರುಪಮ್ಮ ಹೇಳಿದ್ದರ ಇನ್ನೊಂದು ಮಗ್ಗುಲು ಅದರಲ್ಲಿತ್ತು. ಹುಡುಗತನದಲ್ಲಿ ಕೈಯಾರೆ ಎಲ್ಲಾ ಹಾಳು ಮಾಡಿಕೊಂಡೆ, ಈಗ ಮೈಯಲ್ಲಿ ಏನೂ ಉಳಿದಿಲ್ಲ ಎಂದು ಬರೆದಿದ್ದೀ. ರಾತ್ರಿ ಐದಾರು ಸಲ ಎದ್ದು ಮೂತ್ರಕ್ಕೆ ಹೋಗುತ್ತೇನೆ, ಉಳಿದ ಧಾತುವೂ ಹಾಗೆ ಸೋರಿ ಹೋಗುತ್ತಿದೆ ಎಂದಿದ್ದೀ. ಲಾಡ್ಜಿಗೆ ಬರುವ ವೈದ್ಯರ ಪುಡಿ ಏಳು ತಿಂಗಳು ತಿಂದರೂ ಗುಣ ಕಾಣಲಿಲ್ಲವೆಂದು, ಅದಕ್ಕೇ ಗಣಿ ಆಫೀಸಿನಲ್ಲಿ ವರ್ಗ ಕೇಳಿಕೊಂಡು ಕಂಪ್ಲಿ ಬಿಟ್ಟು ಸಂಡೂರು ಸೇರಿದೆನೆಂದು, ಶೈಲಜಾಳನ್ನು ನನ್ನಂಥವನಿಗೆ ಕಟ್ಟಿಹಾಕಬೇಡಿ, ಬಿಡುಗಡೆ ಮಾಡಿಸಿ ಬೇರೆ ಮನೆ ನೋಡಿ ಎಂದು. ಅದನ್ನೆಲ್ಲ ನಿಂತೇ ಓದಿದೆ. ಆದರೆ ನನ್ನನ್ನು ನಿಂತಲ್ಲೇ ಕೂರಿಸಿದ್ದು ನಿನ್ನ ಕೊನೆಯ ಸಾಲು.

“ಮಾವ, ನೀವೇ ನಮ್ಮ ಕಂಪ್ಲಿ ಗೋಡೆ ಮೇಲೆ ಬರೆದಿದ್ದೀರಲ್ಲ, ‘ಹುಡುಗಾಟದಲ್ಲಿ ಕಳೆದದ್ದು ಹಾಸಿಗೆಯಲ್ಲಿ ಸಿಗದು’ ಅಂತ. ಮೂರನೇ ಕ್ಲಾಸಿನಿಂದ ಅದನ್ನು ಓದಿಕೊಂಡೇ ಶಾಲೆಗೆ ಹೋದೆ. ದೊಡ್ಡವನಾದ ಮೇಲೆ ತಿಳಿಯಿತು, ಅದು ನನಗೇ ಬರೆದದ್ದು.”

ರೇವಣ್ಣಾ, ಆ ಸಾಲು ಎಲ್ಲಿಂದ ಬಂತು ಎಂದು ಇಷ್ಟು ವರ್ಷ ಯಾರೂ ನನ್ನನ್ನು ಕೇಳಲಿಲ್ಲ. ಈಗ ನಾನಾಗಿಯೇ ಹೇಳುತ್ತೇನೆ ಕೇಳು.

ತೊಂಬತ್ತೆಂಟರ ಬೇಸಿಗೆ. ಫ್ಲೆಕ್ಸ್ ಬಂದಿರಲಿಲ್ಲ, ಹೊಸಪೇಟೆಯಿಂದ ಸಂಡೂರು, ಮರಿಯಮ್ಮನಹಳ್ಳಿ, ಕಂಪ್ಲಿ ತನಕ ಗೋಡೆಗಳೆಲ್ಲಾ ನನ್ನವೇ. ಒಬ್ಬ ಏಜೆಂಟ್ ಬಂದು ಚೀಟಿ ಕೊಟ್ಟ. ವೈದ್ಯರ ಹೆಸರು, ಲಾಡ್ಜಿನ ಹೆಸರು, ರೂಂ ನಂಬರ್, ಪ್ರತಿ ತಿಂಗಳ ಮೊದಲ ಸೋಮವಾರ, ನರದೌರ್ಬಲ್ಯ, ಗುಪ್ತರೋಗ. ಅಷ್ಟೇ. ಕಂಪ್ಲಿ ರಸ್ತೆಯಲ್ಲಿ ಮುಚ್ಚಿದ ಅಕ್ಕಿ ಗಿರಣಿಯ ಗೋದಾಮಿನ ಗೋಡೆ ಸಿಕ್ಕಿತು, ಉದ್ದ ನಲವತ್ತು ಅಡಿ. ಹಳದಿ ಬಳಿದು, ದಾರಕ್ಕೆ ನೀಲಿಪುಡಿ ಹಚ್ಚಿ ಗೆರೆ ಹೊಡೆದು, ಕೆಂಪು ಎನಾಮೆಲ್‌ನಲ್ಲಿ ಬರೆಯುತ್ತಾ ಹೋದೆ. ಮೂವತ್ತೊಂದು ಅಡಿಗೆ ಚೀಟಿ ಮುಗಿದುಹೋಯಿತು. ಒಂಬತ್ತು ಅಡಿ ಉಳಿಯಿತು.

ನಮ್ಮ ಕಸುಬಿನಲ್ಲಿ ಖಾಲಿ ಜಾಗ ಬಿಡುವಂತಿಲ್ಲ. ಬಿಟ್ಟರೆ ಮರುದಿನ ಇನ್ನೊಬ್ಬ ಪೇಂಟರ್ ಬಂದು ಅಲ್ಲಿ ಹಲ್ಲುಪುಡಿ ಬರೆದು ಹೋಗುತ್ತಾನೆ, ಮೊದಲು ಬರೆದವನ ಮರ್ಯಾದೆ ಹೋಗುತ್ತದೆ. ಹುಣಸೆ ಮರದ ನೆರಳಲ್ಲಿ ಕುಳಿತು ಎರಡು ಬಾಳೆಹಣ್ಣು ತಿಂದೆ. ಜನ ನಿಂತು ಓದುವಂಥದ್ದು, ಸ್ವಲ್ಪ ಹೆದರುವಂಥದ್ದು ಏನಾದರೂ ಬೇಕಲ್ಲ. ಹುಡುಗಾಟ, ಹಾಸಿಗೆ. ಎರಡೂ ‘ಹ’ ಅಕ್ಷರ, ಕೈಗೆ ಚೆಂದ ಬರುತ್ತದೆ. ಬೆರಳಲ್ಲಿ ಅಕ್ಷರ ಎಣಿಸಿದೆ, ಎರಡು ಸಾಲು ಮಾಡಿದರೆ ಒಂಬತ್ತು ಅಡಿಗೆ ಸರಿಯಾಗಿ ಕೂತಿತು. ಆ ಮಾತಿಗೆ ನಾನು ಮಾಡಿದ ಪರೀಕ್ಷೆ ಅದೊಂದೇ. ಎಸ್ಸೆಸ್ಸೆಲ್ಸಿ ಫೇಲಾದ ಪೇಂಟರ್, ಬಾಳೆಹಣ್ಣಿನ ಸಿಪ್ಪೆ ಕೈಯಲ್ಲಿ ಹಿಡಿದು, ಜಾಗ ತುಂಬಿಸಲು ಕಟ್ಟಿದ ಮಾತು ಅದು.

ಏಜೆಂಟನಿಗೆ ಅದು ಭಾಳ ಹಿಡಿಸಿತು. ಅಲ್ಲಿಂದ ಮುಂದೆ ಎಲ್ಲಾ ಗೋಡೆಗೂ ಅದೇ ಬೇಕೆಂದ. ಡ್ಯಾಮಿನ ಬಸ್ ಸ್ಟಾಪಿನ ಹಿಂದೆ ಬರೆದೆ, ಸಂಡೂರು ರಸ್ತೆಯ ಸೇತುವೆಗೆ ಬರೆದೆ, ಮರಿಯಮ್ಮನಹಳ್ಳಿಯಲ್ಲಿ ಲಾರಿಗಳು ನಿಲ್ಲುವ ಕಡೆ ಬರೆದೆ. ಬೇರೆ ಪೇಂಟರ್‌ಗಳು ಕದ್ದು ಬರೆದರು. ಕರಪತ್ರಗಳಲ್ಲಿ ಅಚ್ಚಾಯಿತು. ನೀನು ಬಸ್ಸಿನ ಕಿಟಕಿಗೆ ಮೂಗು ಒತ್ತಿ ಗೋಡೆ ಗೋಡೆಯನ್ನೂ ಕೂಗಿ ಓದುತ್ತಿದ್ದೆ. ಸಿಮೆಂಟು, ಸೊಸೈಟಿ, ಗುಪ್ತರೋಗ, ಎಲ್ಲಾ ಒಂದೇ ರಾಗ. ಬಸ್ಸಿನವರೆಲ್ಲ ನಗುತ್ತಿದ್ದರು. ನನ್ನ ಗೋಡೆಗಳಿಂದಲೇ ನಿನಗೆ ಅಕ್ಷರ ಬಂತೆಂದು ನಾನು ಎಲ್ಲರಿಗಿಂತ ಹೆಚ್ಚು ನಗುತ್ತಿದ್ದೆ.

ನಿನ್ನ ಪುಡಿಯ ಒಂದು ಪೊಟ್ಟಣ ಶೈಲಜಾಳ ಚೀಲದಲ್ಲಿ ಸಿಕ್ಕಿತು. ನಿನ್ನ ಪ್ಯಾಂಟು ಒಗೆಯುವಾಗ ಜೇಬಿನಿಂದ ತೆಗೆದಿಟ್ಟಿದ್ದಳಂತೆ, ಹೊಟ್ಟೆನೋವಿನ ಔಷಧ ಇರಬೇಕು, ಒದ್ದೆಯಾದರೆ ನಿನಗೆ ತ್ರಾಸಾಗುತ್ತದೆ ಅಂತ. ನಾನು ಅದನ್ನು ತೆಗೆದುಕೊಂಡು ದವಾಖಾನೆಗೆ ಹೋದೆ. ಅಲ್ಲಿ ಅನುಸೂಯಾ ಎಂಬ ಡಾಕ್ಟರು. ಹೆಣ್ಣುಮಗಳ ಮುಂದೆ ಹೇಗೆ ಹೇಳುವುದೆಂದು ಬಾಗಿಲಲ್ಲೇ ಎರಡು ಸಲ ಹಿಂದೆ ಸರಿದೆ.

“ನನಗಲ್ರಿ, ನಮ್ಮ ಅಳಿಯಗ” ಎಂದೆ.

“ಎಲ್ಲಾರೂ ಹಂಗ ಹೇಳ್ತಾರ. ಕುಂದ್ರಿ” ಎಂದರು.

ಕಣ್ಣು ನೆಲಕ್ಕೆ ನೆಟ್ಟು ಎಲ್ಲಾ ಹೇಳಿದೆ. ನಡುವೆ ಅವರು ಒಂದು ಸಲವೂ ನಗಲಿಲ್ಲ. ಆಮೇಲೆ ಹೇಳಿದರು, “ಅದೇನು ಕೊಡದಾಗ ತುಂಬಿಟ್ಟ ನೀರಲ್ರಿ, ಖರ್ಚು ಮಾಡಿದ್ರ ತೀರಾಕ. ಬಾಯಾಗ ಉಗುಳು ಬಂದಂಗ, ಮೈ ದಿನಾ ಹೊಸಾದು ಮಾಡ್ತೈತಿ. ಹರೇದಾಗ ಹುಡುಗ್ರು ಮಾಡೋದ ಅದು. ಅದರಿಂದ ಯಾರಿಗೂ ಶಕ್ತಿ ಹೋಗಂಗಿಲ್ಲ.”

“ನಲವತ್ತು ಹನಿ ರಕ್ತ ಸೇರಿ ಒಂದು ಹನಿ ಅಂತಾರಲ್ರಿ?”

“ಯಾರು ಎಣಿಸ್ಯಾರ್ರಿ?”

ನೀನು ಐದಾರು ಸಲ ಎದ್ದು ಹೋಗುತ್ತೀ ಎಂದದ್ದನ್ನು ಅವರು ಮತ್ತೆ ಮತ್ತೆ ಕೇಳಿದರು. ನೀರು ಎಷ್ಟು ಕುಡಿಯುತ್ತೀ, ಸೊರಗಿದ್ದೀಯಾ, ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇತ್ತೇ. ನಿನ್ನಪ್ಪ ಕಾಲಿನ ಹುಣ್ಣು ಮಾಯದೆ ಹೋದದ್ದನ್ನು ಹೇಳಿದೆ.

“ಹಂಗಾದ್ರ ಸೋರಾಕತ್ತಿದ್ದು ಧಾತು ಅಲ್ರಿ, ಸಕ್ಕರಿ ಇರಬಹುದು. ನೋಡದ ಹೇಳಾಕ ಬರಂಗಿಲ್ಲ. ಸಕ್ಕರಿ ಏರಿದ್ರ ಗಂಡಸ್ರಿಗೆ ಈ ತ್ರಾಸೂ ಬರ್ತೈತಿ. ಅದಿಲ್ಲಾಂದ್ರ ಬರೇ ಅಂಜಿಕಿ. ಇವತ್ತು ಆಗಲಿಲ್ಲ ಅಂತ ಅಂಜಿದ್ರ, ನಾಳೆ ಆ ಅಂಜಿಕಿನ ಆಗಗೊಡಂಗಿಲ್ಲ. ಎರಡಕ್ಕೂ ದಾರಿ ಐತಿ. ಆದ್ರ ಹುಡುಗ ಇಲ್ಲಿಗೆ ಬರ್ಬೇಕಲ್ರಿ? ಪಾಪ ಮಾಡೀನಿ ಅಂತ ತಿಳ್ಕೊಂಡಾಂವ ದವಾಖಾನಿಗೆ ಬರಂಗಿಲ್ಲ, ಮಾಳಿಗಿ ಹತ್ತತಾನ.”

ಪೊಟ್ಟಣವನ್ನು ಹಿಂದೆ ಮುಂದೆ ತಿರುವಿ ನೋಡಿದರು. ಒಳಗೆ ಏನಿದೆ ಎಂದು ಅದರ ಮೇಲೆ ಒಂದಕ್ಷರವೂ ಇಲ್ಲ. ಇವತ್ತೇ ಬಂದ್ ಮಾಡಲು ಹೇಳಿ, ಕೆಲವು ಪುಡಿಗಳಿಂದ ಮೂತ್ರಪಿಂಡ ಕೆಡುತ್ತದೆ ಎಂದರು. ಏಳುವಾಗ, ಹೇಗೂ ಬಂದಿದ್ದೀರಿ ಅಂತ ನನ್ನ ಬೆರಳಿಗೂ ಒಂದು ಸೂಜಿ ಚುಚ್ಚಿ ರಕ್ತ ತೆಗೆದರು. ಅದರಲ್ಲಿ ಏನು ಬಂತೆಂದು ಕೊನೆಗೆ ಹೇಳುತ್ತೇನೆ.

ಮರುದಿನ ಟಿ.ವಿ.ಎಸ್.ಗೆ ಸುಣ್ಣದ ಬಕೆಟ್ ಕಟ್ಟಿಕೊಂಡು ಕಂಪ್ಲಿಗೆ ಹೋದೆ. ಕಾಗದ ಬರೆಯುವ ಮೊದಲು ಗೋಡೆ ಅಳಿಸಬೇಕು, ಇಲ್ಲವಾದರೆ ನನ್ನ ಮಾತಿಗೆ ನನ್ನದೇ ಗೋಡೆ ಎದುರು ನಿಲ್ಲುತ್ತದೆ ಎಂಬ ಹಟ. ನೀನು ಆ ದಾರಿಯನ್ನು ಈ ತಿಂಗಳಲ್ಲಿ ನೋಡಿಲ್ಲ. ಕಮಲಾಪುರ ದಾಟಿದರೆ ಬಾಳೆತೋಟಗಳ ಮೇಲೆ ಮಂಜು ಹಾಗೇ ಮಲಗಿರುತ್ತದೆ, ಬಂಡೆಗಳು ನಿದ್ದೆಗಣ್ಣಲ್ಲಿ ಇದ್ದಂತೆ ಕಾಣುತ್ತವೆ, ಗಾಡಿ ಓಡುತ್ತಿದೆಯೋ ದಾರಿಯೇ ಹಿಂದಕ್ಕೆ ಹರಿಯುತ್ತಿದೆಯೋ ಗೊತ್ತಾಗುವುದಿಲ್ಲ. ಆ ಗುಂಗಿನಲ್ಲೇ ಹೋಗಿ ಗೋಡೆಯ ಮುಂದೆ ನಿಂತೆ. ಹಳದಿ ಮಾಸಿ ಮಣ್ಣಿನ ಬಣ್ಣವಾಗಿದೆ. ಕೆಂಪು ಅಕ್ಷರ ಮಾತ್ರ ಗಟ್ಟಿ. ನಡುನಡುವೆ ನಾನೇ ಮೂರು ಸಲ ತಿದ್ದಿ ಬರೆದದ್ದು, ಗಟ್ಟಿ ಇರದೆ ಏನಾಗುತ್ತದೆ.

ಸುಣ್ಣ ಬಳಿಯತೊಡಗಿದಾಗ ಎದುರಿನ ಚಹಾದಂಗಡಿಯ ಮಾರುತೇಶ ಗ್ಲಾಸು ಹಿಡಿದು ಬಂದ. ಹಿಂದೆಯೇ ನಾಲ್ಕು ಜನ.

“ಯಾಕ ಅಳಸ್ತೀರಿ ಪೇಂಟರ್? ಮಾತು ಖರೇ ಐತಲ್ಲ.”

“ಖರೇ ಅಲ್ಲಪ. ನಾನ ಕಟ್ಟಿದ್ದು. ಜಾಗ ಉಳದಿತ್ತು, ಬರದೆ.”

ಎಲ್ಲರೂ ನಕ್ಕರು. ಅವರಲ್ಲೊಬ್ಬ, ನನಗಿಂತ ದೊಡ್ಡವನು, ನಗಲಿಲ್ಲ. “ಸುಮ್ಮನಿರ್ರಿ. ಅದು ಶಾಸ್ತ್ರದಾಗ ಐತಿ. ನಮ್ಮ ಮುತ್ಯಾ ಹೇಳ್ತಿದ್ದ, ಈಗೂ ಕಿವ್ಯಾಗ ಐತಿ.”

“ನಿಮ್ಮ ಮುತ್ಯಾ ಹೋಗಿದ್ದು ಯಾವಾಗ?”

“ಎಪ್ಪತ್ತೆಂಟರಾಗ.”

ನಾನು ಬರೆದದ್ದು ತೊಂಬತ್ತೆಂಟರಲ್ಲಿ. ಅವನು ಸುಳ್ಳು ಹೇಳುತ್ತಿರಲಿಲ್ಲ, ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಇಪ್ಪತ್ತು ವರ್ಷ ಹಿಂದಕ್ಕೆ ನಡೆದುಹೋಗಿ ನನ್ನ ಸಾಲು ಅವನ ಮುತ್ಯಾನ ಬಾಯಲ್ಲಿ ಕೂತುಬಿಟ್ಟಿತ್ತು. ನನಗೆ ಅಲ್ಲಿಯೇ ಭಯವಾಯಿತು. ಗೋಡೆಯ ಮೇಲಿನದನ್ನು ಅಳಿಸಬಹುದು, ಇದನ್ನು ಯಾವ ಸುಣ್ಣದಿಂದ ಬಳಿಯಲಿ?

ಕೆಲಸ ಮುಗಿಸಿ ಕಾಲುವೆಯ ದಂಡೆಯಲ್ಲಿ ಅಡ್ಡಾದೆ. ನೀರು ಹರಿಯುವ ಸದ್ದು, ಹುಣಸೆ ಎಲೆಯ ಸಣ್ಣ ಸಣ್ಣ ಬಿಸಿಲು. ಕಣ್ಣು ಹತ್ತಿತು. ಕನಸಿನಲ್ಲಿ ನನ್ನ ಅಕ್ಷರಗಳು ಒಂದೊಂದಾಗಿ ಗೋಡೆ ಇಳಿದು ಬಂದವು. ಕೆಂಪು ಮೈ, ತಲೆಕಟ್ಟು ಬಿಗಿದುಕೊಂಡು, ಒತ್ತಕ್ಷರಗಳನ್ನು ಕೈ ಹಿಡಿದು ನಡೆಸಿಕೊಂಡು, ಸಾಲಾಗಿ ಕಾಲುವೆಗೆ ಇಳಿದವು. ಮೆಟ್ಟಿಲ ಮೇಲೆ ನಿನ್ನ ಅತ್ತೆ ಕುಳಿತು ಪ್ರತಿಯೊಂದಕ್ಕೂ ಒಂದೊಂದು ಸೋಪು ಕೊಡುತ್ತಿದ್ದಳು. ತೊಳೆದುಕೊಂಡು ಮೇಲೆ ಬಂದವುಗಳಿಗೆ ಬಣ್ಣವೂ ಇಲ್ಲ, ಅರ್ಥವೂ ಇಲ್ಲ, ಹುಡುಗರು ಸ್ಲೇಟಿನ ಮೇಲೆ ತಿದ್ದುವ ಬರೀ ಗೆರೆಗಳು. ಅವಳು ತಲೆಯೆತ್ತಿ ನನ್ನನ್ನು ಏನೋ ಕೇಳಿದಳು. ಉತ್ತರ ಕೊಡಬೇಕೆನ್ನುವಷ್ಟರಲ್ಲಿ ಎಚ್ಚರವಾಯಿತು. ನಿನ್ನವ್ವ ಬುತ್ತಿ ಹಿಡಿದು ನಿಂತಿದ್ದಳು. ಅವಳಿಗೆ ನಾನೇನೂ ಹೇಳಲಿಲ್ಲ. “ನನ್ನ ಮಗ ಯಾಕ ಫೋನ್ ಎತ್ತವಲ್ಲ, ತಮ್ಮಾ?” ಎಂದು ಕೇಳಿ ಅವಳು ಸೆರಗು ಬಾಯಿಗೆ ಒತ್ತಿಕೊಂಡಳು.

ಐದು ದಿನ ಬಿಟ್ಟು ಹೋಗಿ ನೋಡಿದರೆ ಸುಣ್ಣ ಹಕ್ಕಳೆಯೆದ್ದು ಉದುರಿ, ಕೆಂಪು ಅಕ್ಷರಗಳು ಒಳಗಿನಿಂದ ಇಣುಕುತ್ತಿದ್ದವು. ಎನಾಮೆಲ್ ಮೇಲೆ ಸುಣ್ಣ ಹಿಡಿಯುವುದಿಲ್ಲ ಎಂಬುದು ನಿನ್ನೆ ಮೊನ್ನೆ ಬ್ರಷ್ ಹಿಡಿದವನಿಗೂ ಗೊತ್ತು. ಮೂವತ್ತೈದು ವರ್ಷ ಕಸುಬು ಮಾಡಿದ ನಾನು ಅವಸರಕ್ಕೆ ಅದನ್ನೇ ಮರೆತಿದ್ದೆ. ಈ ಸಲ ತಂತಿ ಬ್ರಷ್ ತಗೊಂಡು ಕೂತೆ. ಒಂದೊಂದು ಅಕ್ಷರವನ್ನೂ ಬುಡ ಕಾಣುವ ತನಕ ಉಜ್ಜಿದೆ. ಮೂರು ದಿನ ಹಿಡಿಯಿತು, ಬಲಗೈ ರಟ್ಟೆ ಈಗಲೂ ಎತ್ತಲು ಬರುತ್ತಿಲ್ಲ. ಉತ್ತರ ತಡವಾದ ಕಾರಣ ಇದೇ.

ಆ ಒಂಬತ್ತು ಅಡಿಯಲ್ಲಿ ಈಗ ಏನೂ ಇಲ್ಲ. ಬೇರೆ ಏನಾದರೂ ಒಳ್ಳೆಯ ಮಾತು ಬರೆಯಬಹುದಿತ್ತು, ಬರೆಯಲಿಲ್ಲ. ಕೊನೆಯ ದಿನ ಮರಳುವಾಗ ಕೆಲಸವಿಲ್ಲದಿದ್ದರೂ ಹಂಪಿ ಕಡೆ ಗಾಡಿ ತಿರುಗಿಸಿ, ಒಂದು ಹಾಳು ಮಂಟಪದಲ್ಲಿ ಕುಳಿತೆ. ಅಲ್ಲಿ ಕಂಬ ಕೆತ್ತಿದವರು ಕೂಡ ನಡುನಡುವೆ ಕಲ್ಲನ್ನು ಬರಿದೇ ಬಿಟ್ಟಿದ್ದಾರೆ. ಬಾಲ್ಯದಿಂದ ನೋಡುತ್ತಿದ್ದರೂ ನನ್ನ ಕಣ್ಣಿಗೆ ಅದು ಬಿದ್ದದ್ದು ಆವತ್ತೇ. ಸಂಜೆ ಬಿಸಿಲು ಆ ಬರಿಯ ಕಲ್ಲಿನ ಮೇಲೆ ಹೊಳೆಯ ನೀರಿನ ಹಾಗೆ ಅಲ್ಲಾಡುತ್ತಿತ್ತು, ನೋಡುತ್ತಾ ಕುಳಿತೆ. ನಮ್ಮ ಗೋಡೆಯಲ್ಲಿ ಬೇಕಾದವರು ಹಲ್ಲುಪುಡಿ ಬರೆದುಕೊಳ್ಳಲಿ.

ಈಗ ನಿನ್ನ ವಿಷಯ. ಬುಧವಾರ ಬೆಳಗಿನ ಮೊದಲ ಬಸ್ಸಿಗೆ ಹೊರಟು ಬಾ. ಏನೂ ತಿನ್ನದೆ ಬಾ, ರಕ್ತಪರೀಕ್ಷೆಗೆ ಖಾಲಿ ಹೊಟ್ಟೆ ಇರಬೇಕಂತೆ. ನಾನು ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತೇನೆ. ಡಾಕ್ಟರ ಮುಂದೆ ಮಾತು ಬರದಿದ್ದರೆ ನಾನು ಹೇಳುತ್ತೇನೆ, ನೀನು ಗೋಡೆ ನೋಡುತ್ತಾ ಕೂತಿರು. ಸಕ್ಕರೆ ಇದ್ದರೆ ಮಾತ್ರೆ, ಇಲ್ಲದಿದ್ದರೆ ಧೈರ್ಯ. ಯಾವುದಕ್ಕೂ ನಾಚಿಕೆ ಪಡಬೇಕಾದ್ದಿಲ್ಲ.

ಆದರೆ ಬುಧವಾರದ ತನಕ ಕಾಯಬಾರದ್ದು ಒಂದಿದೆ. ಈ ಕಾಗದ ಮುಟ್ಟಿದ ದಿನವೇ ಶೈಲಜಾಗೆ ಫೋನ್ ಮಾಡು. ಎಲ್ಲಾ ಹೇಳಬೇಕಂತಿಲ್ಲ. ‘ನಿನ್ನಲ್ಲಿ ಕೊರತೆ ಏನೂ ಇಲ್ಲ, ನಾನು ನನಗೇ ಅಂಜಿ ದೂರ ಹೋದೆ’ ಅನ್ನು, ಇಷ್ಟು ಸಾಕು. ಅವಳಿಗೆ ನಿನ್ನಿಂದ ಬೇಕಾದದ್ದು ಏನೆಂದು ವಿರುಪಮ್ಮ ಮತ್ತೊಮ್ಮೆ ಆ ಮೊರಕ್ಕೆ ಹೇಳಿದ್ದಾಳೆ. “ಮಗ್ಗುಲಾಗ ಕುಂತು ಮಾತಾಡಿದ್ರ ಸಾಕಾಗಿತ್ತಂತ.” ಇದನ್ನು ಬರೆಯಲು ತಂದೆಯಾದ ನನಗೆ ಎಷ್ಟು ಸಂಕೋಚವಾಗುತ್ತಿದೆ ಎಂದು ನಿನಗೆ ಗೊತ್ತು, ಆದರೂ ಬರೆದಿದ್ದೇನೆ. ಇಷ್ಟು ಆದ ಮೇಲೂ ಇಬ್ಬರೂ ಕೂಡಿ ಬೇಡ ಅಂದರೆ ಬೇಡ, ನಾನು ಅಡ್ಡ ಬರುವುದಿಲ್ಲ. ಗೋಡೆಯ ಮಾತು ಕೇಳಿ ಬಿಟ್ಟು ಹೋಗುವುದಕ್ಕೆ ಮಾತ್ರ ನಾನು ಒಪ್ಪಲಾರೆ.

ಸಂಡೂರಿನ ಕೆಂಪು ಧೂಳಿನಲ್ಲಿ ಕಣ್ಣು ಜೋಪಾನ. ನಿನಗೆ ಆಯುಷ್ಯ ಆರೋಗ್ಯ ಸಿಗಲಿ, ಮನಸ್ಸು ಹಗುರಾಗಲಿ, ನಿಮ್ಮಿಬ್ಬರ ಮನೆಯಲ್ಲಿ ನಗು ಕೇಳಲಿ ಎಂದು ವಿರೂಪಾಕ್ಷನಲ್ಲಿ ಬೇಡಿಕೊಳ್ಳುತ್ತಾ,

ನಿನ್ನ ಮಾವ,
ಶಂಭುಲಿಂಗ

ತಾ. ಕ.: ರಕ್ತಪರೀಕ್ಷೆಯದು ಹೇಳುತ್ತೇನೆಂದಿದ್ದೆ. ನನಗೆ ಸಕ್ಕರೆ ಇದೆ. ಭಾಳ ವರ್ಷಗಳಿಂದ ಇದ್ದಿರಬೇಕು ಎಂದರು ಡಾಕ್ಟರು.

೨೦೧೦ರ ಬೇಸಿಗೆಯಲ್ಲಿ ನನಗೂ ನಿನ್ನ ಹಾಗೇ ಆಯಿತು. ಮೂರ್ನಾಲ್ಕು ಸಲ ಆಗಲಿಲ್ಲ. ನಾನು ನೆಟ್ಟಗೆ ಹೋದದ್ದು ನಾನೇ ಗೋಡೆ ಗೋಡೆಗೂ ಬರೆದಿದ್ದ ಆ ಲಾಡ್ಜಿನ ರೂಮಿಗೆ. ಎಲ್ಲಾ ಏಜೆಂಟನ ಕೈಯಲ್ಲಿ ನಡೆಯುತ್ತಿದ್ದರಿಂದ ವೈದ್ಯರು ನನ್ನ ಮುಖ ಕಂಡಿರಲಿಲ್ಲ. ನಾಡಿ ಹಿಡಿದು, ಕಣ್ಣು ಮುಚ್ಚಿ, ನಿಧಾನವಾಗಿ ಹೇಳಿದರು, “ಹುಡುಗಾಟದಲ್ಲಿ ಕಳೆದದ್ದು ಹಾಸಿಗೆಯಲ್ಲಿ ಸಿಗದು.” ಬಾಳೆಹಣ್ಣು ತಿಂದು ಕಟ್ಟಿದ ನನ್ನದೇ ಮಾತೆಂದು ನನಗೆ ಗೊತ್ತು. ಗೊತ್ತಿದ್ದೂ ಅವರ ಮುಂದೆ ಅತ್ತುಬಿಟ್ಟೆ, ರೇವಣ್ಣಾ. ನಂಬಿಬಿಟ್ಟೆ. ಅವತ್ತೇ ಮನೆಗೆ ಬಂದು, ಒಳಗೆ ಧಗೆ ಎಂದು ನೆಪ ಹೇಳಿ ಮಂಚವನ್ನು ಪಡಸಾಲೆಗೆ ಹಾಕಿಕೊಂಡೆ. ಚಳಿಗಾಲ ಬಂದರೂ ಒಳಗೆ ಹೋಗಲಿಲ್ಲ. ಹನ್ನೊಂದು ವರ್ಷ. ನಿನ್ನ ಅತ್ತೆ ಒಂದು ದಿನವೂ ಯಾಕೆ ಎಂದು ಕೇಳಲಿಲ್ಲ.

ಕೇಳಿದ್ದು ದವಾಖಾನೆಯಲ್ಲಿ, ಜೀವ ಹೋಗುವ ಹಿಂದಿನ ದಿನ. “ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನನ್ನ ಮೈ ವಾಸನಿ ಹೊಡಿತಿತ್ತೇನ್ರಿ?”

“ಹುಚ್ಚಿ, ಮಲಕೋ” ಎಂದೆ. ಆರಾರು ಅಡಿ ಅಕ್ಷರ ಬರೆದ ನನಗೆ ಅವತ್ತು ಬೇರೆ ಮಾತು ಬರಲಿಲ್ಲ.

ಆ ಟ್ರಂಕಿನ ಸೋಪಿನ ಕಾಗದಗಳಲ್ಲಿ ಎಲ್ಲಕ್ಕಿಂತ ಹಳೆಯದು ಯಾವುದೆಂದು ಹುಡುಕಿ ನೋಡಿದೆ. ಅದರ ಮೇಲಿರುವ ತಯಾರಿಕೆಯ ತಾರೀಖು ೨೦೧೦ರ ಮೇ.

ನಿನ್ನೆ ಸಂಜೆ ಶೈಲಜಾ ಅಂಗಡಿಗೆ ಹೋಗಿ ಬೇರೆ ಸೋಪು ತಂದಳು. ಜಲ್ದಿ ಬಾ.